ಪಾರ್ಟ್ ಇನ್ನೂ ಬಂದಿಲ್ಲ ಕಣೋ

ಪ್ರೀತಿಯ ಸ್ಟ್ಯಾಂಡ್ ಸಾಹುಕಾರನಿಗೆ,

ನಿನ್ನ ಸೈಕಲ್ಲಿನ ಫೋಟೋ ಸಿಕ್ಕಿತು. ಹೊಸ ಬಣ್ಣ ಚೆನ್ನಾಗಿದೆ. ಆದರೆ ಎಡಗಡೆಯಿಂದ ತೆಗೆದಿದ್ದೀಯಲ್ಲೋ ಮಾರಾಯ! ಚೈನು ಎಲ್ಲಿ? ಗೇರು ಎಲ್ಲಿ? ಇಷ್ಟು ವರ್ಷ ನನ್ನ ಜೊತೆ ತಿರುಗಾಡಿಯೂ ಇಷ್ಟೂ ಕಲಿಯಲಿಲ್ಲ ಅಂದರೆ ಏನು ಹೇಳಲಿ? ಸುಮ್ನೆ ನಿನಗೊಬ್ಬನಿಗೇ ಬರೆದರೆ ಓದಿ ನಕ್ಕು ಮರೆತುಬಿಡುತ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಕೊನೇ ಸಲ ಹೇಳುತ್ತೇನೆ, ಕೇಳಿಸಿಕೊ. ಸೈಕಲ್ಲಿನ ಫೋಟೋ ಯಾವಾಗಲೂ ಚೈನಿರುವ ಬಲಗಡೆಯಿಂದ. ಚೈನು ಮುಂದೆ ದೊಡ್ಡ ಹಲ್ಲುಚಕ್ರದ ಮೇಲೆ, ಹಿಂದೆ ಎಲ್ಲಕ್ಕಿಂತ ಚಿಕ್ಕದರ ಮೇಲೆ. ಅಂದರೆ ಅತಿ ಜೋರಾಗಿ ಹೋಗುವ ಗೇರು. ನಾವು ಆ ಗೇರಿನಲ್ಲಿ ಎಷ್ಟು ಹೊತ್ತು ಓಡಿಸುತ್ತೇವೆ ಅನ್ನೋದು ಬೇರೆ ಮಾತು. ಎರಡೂ ಚಕ್ರದ ವಾಲ್ವ್ ಕೆಳಗೆ, ನೆಲಕ್ಕೆ ನೇರ. ಟಯರಿನ ಮೇಲಿನ ಹೆಸರು ಸರಿಯಾಗಿ ವಾಲ್ವಿನ ಪಕ್ಕಕ್ಕೆ ಬರಬೇಕು. ಇದೊಂದಕ್ಕೆ ಮಾತ್ರ ನಿಜವಾದ ಉಪಯೋಗ ಇದೆ. ಪಂಚರ್ ಆದಾಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಅಂತ ನೋಡಿದರೆ, ಟಯರಿನಲ್ಲಿ ಮುಳ್ಳು ಎಲ್ಲಿ ಕೂತಿದೆ ಅಂತ ಹುಡುಕೋದು ಸುಲಭ. ಉಳಿದದ್ದೆಲ್ಲ ಶುದ್ಧ ಶೋಕಿ. ಬಾಟಲಿ ತೆಗಿ, ಪಂಪು ತೆಗಿ, ಸೀಟಿನ ಕೆಳಗಿನ ಚೀಲ ತೆಗಿ. ಸೈಕಲ್ಲು ಯಾವ ಆಸರೆಯೂ ಇಲ್ಲದೆ ತಾನಾಗಿ ನಿಂತ ಹಾಗೆ ಕಾಣಬೇಕು. ಒಬ್ಬ ಹಿಡಿದು ನಿಂತು, ಕ್ಲಿಕ್ ಅನ್ನುವ ಮುಂಚೆ ಕೈ ಬಿಟ್ಟು ಹಾರಬೇಕು, ಬೀಳುವ ಮುಂಚೆ ಮತ್ತೆ ಹಿಡಿಯಬೇಕು.

ನಿನಗೆ ಇದು ಅನ್ವಯಿಸುವುದಿಲ್ಲ, ಬಿಡು. ನಿನ್ನ ಸ್ಟ್ಯಾಂಡನ್ನು ಅಡಗಿಸೋದು ಯಾವ ಕ್ಯಾಮೆರಾ ಕೈಲೂ ಆಗಲ್ಲ. ಹಸಿರು ಟೇಪಿನ ಪ್ರಕರಣದ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ.

ನನ್ನ ಕಡೆಯ ಸುದ್ದಿ ಅಂದರೆ, ಹಿಂದಿನ ಚಕ್ರಕ್ಕೆ ಹೊಸ ಹಬ್ಬು (ಚಕ್ರದ ನಟ್ಟನಡುವೆ ಕೂರುವ ಭಾಗ) ಹಾಕಿಸಿದೆ. ಸದ್ದು ಕೇಳಬೇಕು ನೀನು. ಕಡಜದ ಗೂಡಿಗೆ ಕೋಲು ಹಾಕಿದ ಹಾಗೆ! ಒಳಗೆ ಏನಿದೆ ನೋಡೋಣ ಅಂತ ಬಿಚ್ಚಿದೆ. ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಪುಟ್ಟ ಕೊಕ್ಕೆಗಳು. ಅವುಗಳ ಸುತ್ತ, ಒಳಮೈಗೆ ಹಲ್ಲಿರುವ ಒಂದು ಉಂಗುರ. ತುಳಿದಾಗ ಕೊಕ್ಕೆ ಹಲ್ಲಿಗೆ ಕಚ್ಚಿಕೊಂಡು ಚಕ್ರವನ್ನು ಎಳೆಯುತ್ತದೆ. ತುಳಿಯುವುದು ನಿಲ್ಲಿಸಿದರೆ ಹಲ್ಲುಗಳು ಕೊಕ್ಕೆಯನ್ನು ಒಂದೊಂದಾಗಿ ಒತ್ತಿ ದಾಟಿಕೊಂಡು ಹೋಗುತ್ತವೆ. ಆ ಟಿಕ್ ಟಿಕ್ ಟಿಕ್ ಸೇರಿದ್ದೇ ಸದ್ದು. ಹಲ್ಲು ಜಾಸ್ತಿ ಇದ್ದರೆ ಕಾಲಿಟ್ಟ ತಕ್ಷಣ ಹಿಡಿತ ಸಿಗುತ್ತದೆ, ಸದ್ದೂ ದಟ್ಟವಾಗುತ್ತದೆ. ಗ್ರೀಸು ಕಡಿಮೆಯಾದರೆ ಇನ್ನೂ ಜೋರು. ಕೆಲವರು ಬೇಕಂತಲೇ ಗ್ರೀಸು ಒರೆಸಿ ತೆಗೆಯುತ್ತಾರೆ. ಕೊಕ್ಕೆ ಬೇಗ ಸವೆಯುತ್ತದೆ. ಸವೆಯಲಿ, ಜನ ತಿರುಗಿ ನೋಡಿದರೆ ಸಾಕು!

ಇದರಲ್ಲಿ ಒಂದು ತಮಾಷೆ ಇದೆ, ಗಮನಿಸಿದೆಯಾ? ಕಷ್ಟಪಟ್ಟು ತುಳಿಯುವಾಗ ಹಬ್ಬು ಮೂಕ. ಅದು ಬಾಯಿ ಬಿಡುವುದು ನಾವು ಕೆಲಸ ನಿಲ್ಲಿಸಿದಾಗ ಮಾತ್ರ. ಹೀಗಾಗಿ ಮುಂದೆ ನಾಲ್ಕು ಜನ ನಿಂತಿರುವುದು ಕಂಡರೆ ಸಾಕು, ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಅವರನ್ನು ದಾಟುವವರೆಗೆ ತುಳಿಯುವುದೇ ಇಲ್ಲ. ಸಮತಟ್ಟಾದ ರಸ್ತೆಯಾದರೆ ಕೊನೆಯಲ್ಲಿ ವೇಗ ಎಷ್ಟು ಇಳಿದಿರುತ್ತದೆ ಅಂದರೆ, ನಡೆದು ಹೋಗುವವರೇ ನನ್ನ ಪಕ್ಕ ಬಂದು 'ಏನಾಯ್ತು, ಚೈನು ಬಿತ್ತಾ?' ಅಂತ ಕೇಳುತ್ತಾರೆ.

ಗ್ರಾಮಿನ ಹುಚ್ಚು ಇನ್ನೂ ಬಿಟ್ಟಿಲ್ಲ. ಸ್ಟೀಲಿನ ಬೋಲ್ಟುಗಳನ್ನೆಲ್ಲ ತೆಗೆದು ಟೈಟಾನಿಯಂ ಹಾಕಿದೆ. ತೂಕ ಸುಮಾರು ಅರ್ಧಕ್ಕಿಳಿಯುತ್ತದೆ. ಯಾವುದರ ಅರ್ಧ? ಬೋಲ್ಟಿನ ಅರ್ಧ. ಒಂದು ದಿನ ಕೂತು ಲೆಕ್ಕ ಹಾಕಿದೆ. ನಾನೂ ಸೈಕಲ್ಲೂ ಸೇರಿ 80 ಕಿಲೋ ಅಂತಿಟ್ಟುಕೊ. ಅದರಲ್ಲಿ 100 ಗ್ರಾಂ ಇಳಿಸಿದರೆ, ಒಂದು ಗಂಟೆ ಹತ್ತುವ ಕಡಿದಾದ ಏರಿನಲ್ಲಿ ಉಳಿಯುವುದು 4–5 ಸೆಕೆಂಡು. ಮೂಗು ಒರೆಸಿಕೊಳ್ಳಲು ನಿಂತರೆ ಹೋಯಿತು. ಆ 100 ಗ್ರಾಂ ಇಳಿಸಲಿಕ್ಕೂ ಬೋಲ್ಟುಗಳು ಸಾಲವು. ನಿನ್ನ ಸ್ಟ್ಯಾಂಡ್ ಒಂದನ್ನು ಬಿಚ್ಚಿದರೆ ಅದಕ್ಕಿಂತ ಜಾಸ್ತಿ ಇಳಿಯುತ್ತದೆ.

ಈ ಹುಚ್ಚು ನನ್ನೊಬ್ಬನದೇ ಅಲ್ಲ ಅನ್ನೋದೇ ಸಮಾಧಾನ. 1972ರಲ್ಲಿ ಬೆಲ್ಜಿಯಂನ ರೇಸುಗಾರ ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದರಲ್ಲ, ಆ ಸೈಕಲ್ಲು ಆರು ಕಿಲೋಗಿಂತ ಕಡಿಮೆ ಇತ್ತು. ಅದನ್ನು ಕಟ್ಟಿದ ಎರ್ನೆಸ್ಟೊ ಕೊಲ್ನಾಗೊ ಅದರ ಚೈನಿಗೂ ತೂತು ಕೊರೆದಿದ್ದರು. ಆ ದಶಕದಲ್ಲಿ ಡ್ರಿಲ್ ಇದ್ದವರೆಲ್ಲ ಸಿಕ್ಕಿದ್ದಕ್ಕೆಲ್ಲ ತೂತು ಹೊಡೆದರು. ಬ್ರೇಕಿನ ಲಿವರು, ಹಲ್ಲುಚಕ್ರ, ಸೀಟಿನ ಕಂಬ, ಏನನ್ನೂ ಬಿಡಲಿಲ್ಲ. ಅದಕ್ಕೆ 'ಡ್ರಿಲಿಯಂ' ಅಂತ ಹೆಸರು ಬೇರೆ. ಈಗ ದೊಡ್ಡ ರೇಸುಗಳಲ್ಲಿ 6.8 ಕಿಲೋಗಿಂತ ಹಗುರವಾದ ಸೈಕಲ್ಲು ಓಡಿಸುವ ಹಾಗಿಲ್ಲ. 2000ದಿಂದ ಇದೇ ನಿಯಮ. ಹಗುರ ಮಾಡಿ ಮಾಡಿ, ಕೊನೆಗೆ ನಿಯಮಕ್ಕೆ ಹೊಂದಲಿ ಅಂತ ಕೆಲವು ತಂಡಗಳು ಸೈಕಲ್ಲಿಗೆ ತೂಕ ಸೇರಿಸಿದ್ದೂ ಇದೆ. ನಮ್ಮಂಥವರಿಗೆ ಯಾವ ನಿಯಮವೂ ಇಲ್ಲ. ಹುಚ್ಚಿಗೆ ತಳವೂ ಇಲ್ಲ.

ಇತ್ತೀಚೆಗೆ ಕಾಡುತ್ತಿರುವುದು ಬೇರೆ. ಮೊನ್ನೆ ಇಂಥ ಫೋಟೋಗಳನ್ನು ಸಾಲಾಗಿ ನೋಡುತ್ತಾ ಹೋದೆ. ಎಲ್ಲರದ್ದೂ 'ನನಗಾಗಿಯೇ ಕಟ್ಟಿದ' ಸೈಕಲ್ಲು. ಎಲ್ಲದಕ್ಕೂ ಪಕ್ಕೆ ಕಂದು ಬಣ್ಣದ ಟಯರು, ಕಂದು ತೊಗಲಿನ ಸೀಟು, ಹ್ಯಾಂಡಲ್ಲಿಗೆ ಸುತ್ತಿದ, ಅದಕ್ಕೊಪ್ಪುವ ಕಂದು ಟೇಪು. ಯಾರದು ಯಾವುದು ಅಂತ ಗುರುತೇ ಸಿಗಲಿಲ್ಲ. ನನ್ನದೂ ಅದರ ನಡುವೆ ಇತ್ತು. ಅದನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಿದ್ದೆ ಕಣೋ.

ಹೀಗಾಗುವುದು ಹೊಸದಲ್ಲ. ಅರವತ್ತರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ತಮ್ಮ ಚಿಕ್ಕ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್, ಉದ್ದನೆ ಬಾಳೆಹಣ್ಣಿನಾಕಾರದ ಸೀಟು ಹಾಕಿಕೊಂಡು ಮೆರೆಯುತ್ತಿದ್ದರು. ಅದನ್ನು ನೋಡಿದ ಶ್ವಿನ್ ಕಂಪನಿ 1963ರಲ್ಲಿ ಅದೇ ರೂಪದ ಸ್ಟಿಂಗ್-ರೇ ಮಾಡಿ ಮಾರಿತು. ಹುಡುಗರು ಕೈಯಾರೆ ಮಾಡಿಕೊಂಡ ತಲೆಹರಟೆ ಕಾರ್ಖಾನೆಯಿಂದ ಸಿದ್ಧವಾಗಿ ಬಂತು. ಆಮೇಲೆ ಅದನ್ನು ಕೊಂಡ ಹುಡುಗರು ಅದಕ್ಕೆ ಮತ್ತೇನೋ ಸಿಕ್ಕಿಸಿಕೊಂಡಿರುತ್ತಾರೆ ಅಂತ ನನ್ನ ನಂಬಿಕೆ.

ನಾನು ನಿಜವಾಗಿ ಹೊಟ್ಟೆಕಿಚ್ಚು ಪಡುವುದು ಗ್ರೇಮ್ ಓಬ್ರಿ ಅನ್ನುವ ರೇಸುಗಾರನನ್ನು ಕಂಡು. ಸ್ಕಾಟ್ಲೆಂಡಿನ ಮನುಷ್ಯ. ತನ್ನ ಸೈಕಲ್ಲನ್ನು ತಾನೇ ಕಟ್ಟಿದ. ಪೆಡಲ್‌ಗಳ ನಡುವಿನ ಅಂತರ ಕಡಿಮೆಯಾಗಲಿ ಅಂತ ಹಳೇ ವಾಷಿಂಗ್ ಮಷೀನಿನ ಬೇರಿಂಗ್ ಹಾಕಿದ. ಮಂಡಿಗೆ ತಾಗುತ್ತದೆ ಅಂತ ಮೇಲಿನ ಅಡ್ಡ ಪೈಪನ್ನೇ ಬಿಟ್ಟ. ಎರಡೂ ಕೈ ಎದೆಯ ಕೆಳಗೆ ಮಡಚಿಕೊಂಡು ಕೂತು, 1993ರ ಜುಲೈ 17ರಂದು ನಾರ್ವೆಯ ಹಾಮರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ಓಡಿಸಿದ. ಮುಂದಿನ ವರ್ಷ ಆ ಭಂಗಿಯನ್ನೇ ನಿಷೇಧಿಸಿದರು. ಸೈಕಲ್ಲು ನೋಡಲು ಚೆನ್ನಾಗಿದೆ ಅಂತ ಹೇಳಲಾರೆ. ಆದರೆ ಅದರ ಪ್ರತಿ ಅಂಗುಲವೂ ಅವನ ಮೈ ಕೇಳಿದ್ದು. ಗಾಳಿಯ ತಡೆಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಸವಾರನ ಮೈಯದೇ ಅಲ್ವಾ? ಅವನು ಅಲ್ಲಿಗೇ ಕೈ ಹಾಕಿದ. ನಾನು ಬೋಲ್ಟು ಬದಲಿಸುತ್ತಾ ಕೂತಿದ್ದೇನೆ.

ನನ್ನ ಮೈ ಏನು ಕೇಳುತ್ತಿದೆ ಗೊತ್ತಾ? ಹ್ಯಾಂಡಲ್ಲು ಸ್ವಲ್ಪ ಮೇಲೆ ಬರಲಿ ಅಂತ.

ನಿನಗೆ ನೆನಪಿರಬಹುದು, ಸೈಕಲ್ಲು ಹೊಸದಾಗಿದ್ದಾಗ ಸ್ಟೆಮ್ಮಿನ (ಹ್ಯಾಂಡಲ್ಲನ್ನು ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಜೋಡಿಸುವ ಗಿಡ್ಡ ತುಂಡು) ಕೆಳಗೆ ಎತ್ತರಕ್ಕೆಂದು ಇದ್ದ ಸ್ಪೇಸರ್ ಉಂಗುರಗಳನ್ನೆಲ್ಲ ಕಿತ್ತು, ಮೇಲೆ ಉಳಿದ ಫೋರ್ಕಿನ ಪೈಪನ್ನು ಗರಗಸದಲ್ಲಿ ಕತ್ತರಿಸಿ ಹಾಕಿದ್ದೆ. ಹ್ಯಾಂಡಲ್ಲು ಎಷ್ಟು ಕೆಳಗಿದ್ದರೆ ಅಷ್ಟು ಅಂದ. ಆಗ ಸೊಂಟವೂ ಒಪ್ಪಿತ್ತು. ಕತ್ತರಿಸಿದ ಪೈಪು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಈಗ ಉಳಿದಿರುವ ಸುಲಭದ ದಾರಿ ಅಂದರೆ ಸ್ಟೆಮ್ಮನ್ನೇ ಬುಡಮೇಲು ಮಾಡಿ ಹಾಕುವುದು. 10 ಸೆಂಟಿಮೀಟರಿನ, 17 ಡಿಗ್ರಿ ಓರೆಯ ಸ್ಟೆಮ್ಮು ಅದು. ಒಂದು ಕಡೆ ಹಾಕಿದರೆ ನೆಲಕ್ಕೆ ಸಮನಾಗಿ ಚೂಪಾಗಿ ಕೂರುತ್ತದೆ. ತಿರುಗಿಸಿ ಹಾಕಿದರೆ ಮೂಗೆತ್ತಿ ನಿಲ್ಲುತ್ತದೆ, ಹ್ಯಾಂಡಲ್ಲು ಐದು ಸೆಂಟಿಮೀಟರಿಗೂ ಜಾಸ್ತಿ ಮೇಲೆ ಬರುತ್ತದೆ. ಬೆನ್ನಿಗೆ ಸ್ವರ್ಗ. ಕಣ್ಣಿಗೆ ಮಾತ್ರ ಸಹಿಸಲಾಗದು.

ಮತ್ತೆ ನಾನು ಮಾಡುತ್ತಿರುವುದೇನು ಅಂದರೆ, ಫೋಟೋಗೆ ಒಂದು ಸ್ಟೆಮ್ಮು, ಸವಾರಿಗೆ ಒಂದು ಸ್ಟೆಮ್ಮು. ಅದೇ ಸ್ಟೆಮ್ಮು, ಬೇರೆ ಬೇರೆ ದಿಕ್ಕು. ಹ್ಯಾಂಡಲ್ ಹಿಡಿದಿರುವ ನಾಲ್ಕು ಬೋಲ್ಟು ಬಿಚ್ಚು, ಮೇಲಿನ ಮುಚ್ಚಳ ತೆಗಿ, ಪಕ್ಕದ ಎರಡು ಸಡಿಲಿಸು, ತಿರುಗಿಸು, ಮುಚ್ಚಳ ಹದವಾಗಿ ಬಿಗಿ ಮಾಡು, ಉಳಿದವನ್ನು ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ 5 ನ್ಯೂಟನ್ ಮೀಟರಿಗೆ ಬಿಗಿ ಮಾಡು. ಫೋಟೋ ತೆಗಿ. ಮತ್ತೆ ಎಲ್ಲವನ್ನೂ ಬಿಚ್ಚು. ನೀವೆಲ್ಲ 'ಆಹಾ, ಏನು ನಿಲುವು!' ಅಂದಿರಲ್ಲ, ಆ ನಿಲುವಿನಲ್ಲಿ ನಾನು ಆ ಸೈಕಲ್ಲನ್ನು ಬೀದಿಯ ತುದಿಯವರೆಗೂ ಓಡಿಸಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ.

ನಾವು ಕೊನೆಯ ಸಲ ಆ ಉದ್ದನೆ ಏರು ಹತ್ತಿದ್ದು ಜ್ಞಾಪಕ ಇದೆಯಾ? ನೀನು ಮೇಲೆ ತಲುಪಿ, ನಾನು ಬರುವುದು ಕಂಡ ಕೂಡಲೇ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆ. ನನಗಾಗಿ ಕಾದೆ ಅಂತ ಅನ್ನಿಸಬಾರದು ಅಂತ. ನಿನ್ನ ಶೂಗೆ ಲೇಸೇ ಇಲ್ಲ ಕಣೋ. ತಿರುಗಿಸುವ ಗುಂಡಿ ಇರೋದು. ನಾನು ನೋಡಿದೆ. ನೋಡದ ಹಾಗೆ ನೀರು ಕುಡಿದೆ. ನನಗೆ ಅವತ್ತು ಉಬ್ಬಸಕ್ಕಿಂತ ಜಾಸ್ತಿ ಆದದ್ದು ಅದು. ಮುಂಚೆ ಕಾಯುತ್ತಿದ್ದವನು ನಾನು. ನಾನು ಕಾಯುವಾಗ ಇಷ್ಟು ಸೂಕ್ಷ್ಮವಾಗಿ ನಡೆದುಕೊಂಡಿರಲಿಲ್ಲ ಅಂತಲೂ ನೆನಪಾಯಿತು.

ಅಲ್ಲಿಂದ ಮುಂದೆ ನೀನು ಕರೆದಾಗಲೆಲ್ಲ 'ಪಾರ್ಟ್ ಇನ್ನೂ ಬಂದಿಲ್ಲ, ಬಂದ ಮೇಲೆ ಹೋಗೋಣ' ಅಂತ ಹೇಳುತ್ತಾ ಬಂದಿದ್ದೇನೆ. ಯಾವ ಪಾರ್ಟೂ ಬರುವುದಿಲ್ಲ. ಎಲ್ಲ ಬಂದಾಗಿದೆ. ಸೈಕಲ್ಲಿನಲ್ಲಿ ಬದಲಿಸಲು ಇನ್ನೇನೂ ಉಳಿದಿಲ್ಲ. ಒಬ್ಬನೇ ಓಡಿಸುತ್ತೇನೆ, ಮೂಗೆತ್ತಿದ ಸ್ಟೆಮ್ಮಿನಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ. ಏರು ಬಂದರೆ ನಿಧಾನಕ್ಕೆ ಹತ್ತುತ್ತೇನೆ. ಹಬ್ಬು ಅಲ್ಲಿ ಸದ್ದು ಮಾಡುವುದೇ ಇಲ್ಲ. ವಾಪಸು ಬಂದು ಸೈಕಲ್ಲು ಒರೆಸುವಾಗ, ಇದಾದರೂ ನೋಡಿದವರಿಗೆ ಚುರುಕಾಗಿ ಕಾಣಲಿ ಅನ್ನಿಸುತ್ತದೆ. ಮೈ ಬಗ್ಗೆ ಯಾರೂ ಕೇಳದ ಹಾಗೆ ಸೈಕಲ್ಲನ್ನು ಮುಂದೆ ತಳ್ಳಿ ಹಿಂದೆ ನಿಲ್ಲುತ್ತೇನೆ. ಅದಕ್ಕೇ ಇರಬೇಕು, ನನ್ನ ಯಾವ ಫೋಟೋದಲ್ಲೂ ನಾನಿಲ್ಲ.

ಛೆ. ಹ್ಯಾಂಡಲ್ಲಿನ ಎತ್ತರದಿಂದ ಶುರುವಾದದ್ದು ಎಲ್ಲಿಗೆ ಹೋಯಿತು ನೋಡು! ಈ ಭಾಗವನ್ನು ನೀನು ಓದಿದ ಮೇಲೆ ಅಳಿಸುತ್ತೇನೆ. ಅಷ್ಟರಲ್ಲಿ ಉಳಿದವರೆಲ್ಲ ಓದಿಯಾಗಿರುತ್ತದೆ, ಇರಲಿ. ಅವರಿಗೆ ಸ್ಟೆಮ್ಮಿನ ಲೆಕ್ಕವಾದರೂ ಉಪಯೋಗಕ್ಕೆ ಬರುತ್ತದೆ. ನಮ್ಮ ಡಾಕ್ಟರಿಗೆ ಮಾತ್ರ ತೋರಿಸಬೇಡ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹ್ಯಾಂಡಲ್ಲಿಗೆ ಹೊಸ ಟೇಪ್ ಸುತ್ತಬೇಕು. ಕಂದು ಬಣ್ಣ ಬೇಡ ಅಂತ ತೀರ್ಮಾನವಾಗಿದೆ, ಕಾರಣ ಮೇಲೆ ಹೇಳಿದ್ದೇನೆ. ಉಳಿದಿರುವುದು ಕಪ್ಪು ಮತ್ತು ಬಿಳಿ. ಕಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಳಿ ಎರಡೇ ಸವಾರಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ನೀನು ಸುತ್ತುವುದಾದರೆ ಹ್ಯಾಂಡಲ್ಲಿನ ಕೆಳತುದಿಯಿಂದ ಶುರುಮಾಡಿ ಮೇಲಕ್ಕೆ ಸುತ್ತು. ಮೇಲಿನಿಂದ ಇಳಿಸಿಕೊಂಡು ಬಂದರೆ ಅಂಗೈ ಒತ್ತಿದಂತೆಲ್ಲ ಅಂಚು ಎದ್ದು ಬರುತ್ತದೆ. ನಿನ್ನ ಸೈಕಲ್ಲಿನಲ್ಲಿ ಎದ್ದು ಬಂದಿದೆಯಲ್ಲ, ಹಾಗೆ.

ಕಪ್ಪೋ ಬಿಳಿಯೋ ಹೇಳು. ನೀನು ಹೇಳಿದ್ದರ ಉಲ್ಟಾ ಹಾಕುತ್ತೇನೆ. ಭಾನುವಾರ ಬರುತ್ತೇನೆ ಅಂತ ನಾನೇನೂ ಹೇಳಿಲ್ಲ. ಟೇಪ್ ಸುತ್ತಿ ಮುಗಿದರೆ ನೋಡೋಣ. ಬಂದರೂ ಸ್ಟೆಮ್ಮಿನ ಬಗ್ಗೆ ಒಂದು ಮಾತು ಆಡಿದೆಯೋ, ಹಸಿರು ಟೇಪಿನ ಫೋಟೋ ಎಲ್ಲರಿಗೂ ತೋರಿಸುತ್ತೇನೆ. ಬಲಗಡೆಯಿಂದ ತೆಗೆದದ್ದೇ ಇದೆ ನನ್ನ ಹತ್ತಿರ.

ಇಂತಿ,
ಐದು ಸೆಂಟಿಮೀಟರ್ ಎತ್ತರದವನು