ಬಹುಮತ ಸದನದಲ್ಲೇ ತಿಳಿಯಲಿ

ಮಾನ್ಯರೇ,

2008ರ ಡಿಸೆಂಬರ್‌ನಲ್ಲಿ ಕೆನಡಾದ ಸಂಸತ್ತಿಗೆ ಮುಂದಿನ ಜನವರಿ 26ರವರೆಗೆ ಬಾಗಿಲು ಹಾಕಿದ್ದು ಸರಿಯಲ್ಲ. ಆಗಿನ ಪ್ರಧಾನಿ ಹಾರ್ಪರ್ ಡಿಸೆಂಬರ್ 8ರಂದು ವಿಶ್ವಾಸಮತ ಎದುರಿಸಬೇಕಿತ್ತು. ನಾಲ್ಕು ದಿನ ಮೊದಲೇ ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಬಳಿಗೆ ಹೋಗಿ ಅಧಿವೇಶನವನ್ನೇ ನಿಲ್ಲಿಸಿಬಿಟ್ಟರು.

ಹಾರ್ಪರ್ ಸರ್ಕಾರವನ್ನು ಇಳಿಸಿ ತಾವೇ ಸರ್ಕಾರ ಮಾಡಲು ಹೊರಟಿದ್ದ ವಿರೋಧ ಪಕ್ಷಗಳ ಲಿಬರಲ್-ಎನ್‌ಡಿಪಿ ಮೈತ್ರಿಗೆ ತಾವು ವೋಟು ಹಾಕಿಲ್ಲ ಎಂದು ಅಲ್ಲಿ ಎಷ್ಟೋ ಜನ ಬೀದಿಗಿಳಿದಿದ್ದರು. ಮೈತ್ರಿಯ ಪರವಾಗಿಯೂ ಸಭೆಗಳು ನಡೆದಿದ್ದವು. ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗಬೇಕೆನ್ನುವ ಬ್ಲಾಕ್ ಪಕ್ಷದ ಬೆಂಬಲದಲ್ಲಿ ಸರ್ಕಾರವೇ ಎಂಬ ಸಿಟ್ಟು ಅರ್ಥವಾಗುತ್ತದೆ. ಆದರೆ 308 ಸ್ಥಾನಗಳಲ್ಲಿ ಹಾರ್ಪರ್ ಪಕ್ಷ ಗೆದ್ದದ್ದು 143 ಮಾತ್ರ. ಜನ ಆರಿಸಿದ್ದು ಸಂಸದರನ್ನು, ಪ್ರಧಾನಿಯನ್ನಲ್ಲ, ಅಲ್ವಾ? ಆಗಿನ ಲಿಬರಲ್ ನಾಯಕ ಡಿಯೋನ್ ಅವರ ಟಿ.ವಿ. ಭಾಷಣ ತಡವಾಗಿ, ಮಸುಕಾಗಿ ಬಂದಿದ್ದನ್ನೇ ಆಡಿಕೊಂಡು ನಕ್ಕವರು ಜಾಸ್ತಿ. ಲೆಕ್ಕದ ಮಾತು ಹಿಂದೆ ಬಿತ್ತು.

ಬಹುಮತ ತಿಳಿಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ನಮ್ಮ ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ವಿಶ್ವಾಸಮತ ಬಾಕಿಯಿರುವಾಗ ಅಧಿವೇಶನ ಮುಂದೂಡಬಾರದೆಂಬ ನಿಯಮವನ್ನು ಕೆನಡಾ ಮಾಡಿಕೊಳ್ಳಲಿ.

– ಓದುಗ, ಮೈಸೂರು