ಹೆಸರು ಹೇಳದೆ ಧನ್ಯವಾದ ಹೇಳಬೇಕಾದವರಿಗೆ

ನಾನು ಕುಡಿತ ಬಿಟ್ಟು ವರ್ಷ ದಾಟಿತು. ವಿಷಯ ಗೊತ್ತಿರುವವರು "ನಿನ್ನ ಮನಸ್ಸು ಗಟ್ಟಿ, ಅದಕ್ಕೇ ಬಿಡೋಕಾಯ್ತು" ಅನ್ನುತ್ತಾರೆ. ಪ್ರೀತಿಯಿಂದ ಹೇಳುವ ಮಾತು, ಕೇಳಲು ಖುಷಿಯೇ. ಆದರೆ ಅದನ್ನು ಸುಮ್ನೆ ಒಪ್ಪಿಕೊಂಡು ಕೂರಲು ನನಗೆ ಆಗುತ್ತಿಲ್ಲ. ಕುಡಿಯುತ್ತಿದ್ದಾಗಲೂ ನನ್ನ ಮನಸ್ಸು ಗಟ್ಟಿಯಾಗಿಯೇ ಇತ್ತು. ಅದೇ ಮನಸ್ಸಿನಿಂದ ಮನೆ ನಡೆಸಿದೆ, ಕೆಲಸಕ್ಕೆ ಹೋದೆ, ಎಷ್ಟೋ ಕಾಲ ಯಾರಿಗೂ ಗೊತ್ತಾಗದ ಹಾಗೆ ಇದ್ದೆ. ಆಗ ಇರದೆ ಈಗ ಇರುವುದು ಜನ. ಈ ವರ್ಷವನ್ನು ದಾಟಿಸಿದವರು ಅವರು.

ಅವರಲ್ಲಿ ಹೆಚ್ಚಿನವರ ಹೆಸರನ್ನು ನಾನು ಹೇಳುವಂತಿಲ್ಲ. ನನ್ನ ಹೆಸರೂ ಇಲ್ಲಿಲ್ಲ. ಓದಿದರೆ ಯಾವ ಸಾಲು ತಮ್ಮದು ಅಂತ ಅವರಿಗೆ ತಿಳಿಯುತ್ತದೆ, ಅಷ್ಟು ಸಾಕು.

ಮೊದಲು ನನ್ನ ಅಕ್ಕ. ನಾನು ಮೊದಲ ಸಲ ಬಾಯಿಬಿಟ್ಟಿದ್ದು ಅವಳ ಹತ್ತಿರ, ಫೋನಿನಲ್ಲಿ. "ಹೆಂಗಸಾಗಿ ನೀನು ಹೀಗಾ" ಎಂಬ ಮಾತಿಗೆ ಕಾಯುತ್ತಿದ್ದೆ. ಅವಳು ಅದನ್ನು ಹೇಳಲಿಲ್ಲ. "ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ?" ಅಂತ ಕೇಳಿದಳು. ಹೌದು ಅಂದೆ. ನಾಳೆಯಿಂದ ಬಾಗಿಲು ಹಾಕಿಕೊಂಡು ಒಬ್ಬಳೇ ಬಿಟ್ಟುಬಿಡುತ್ತೇನೆ ಅಂದೆ. "ಒಬ್ಬಳೇ ಬಿಡಬೇಡ ಕಣೇ. ನಾಳೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ" ಅಂದಳು. ಅಕ್ಕ, ಆ ಒಂದು ಮಾತು ನನ್ನ ಜೀವ ಉಳಿಸಿತು ಅಂತ ಡಾಕ್ಟರೇ ಆಮೇಲೆ ಹೇಳಿದರು. ನಿನಗೆ ಇದನ್ನು ಸರಿಯಾಗಿ ಹೇಳಿಯೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಓದುವವರಲ್ಲಿ ಯಾರಾದರೂ ಇವತ್ತೇ ಒಮ್ಮೆಲೇ ನಿಲ್ಲಿಸಬೇಕು ಅಂದುಕೊಂಡಿರಬಹುದು. ಮದ್ಯ ಮೆದುಳಿನ ಓಟವನ್ನು ನಿಧಾನ ಮಾಡುತ್ತದೆ. ದಿನಾ ಜಾಸ್ತಿ ಕುಡಿಯುವವರ ಮೆದುಳು ಅದಕ್ಕೆ ಎದುರಾಗಿ ಸದಾ ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಒಂದು ಬಾಗಿಲನ್ನು ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು ತಳ್ಳುತ್ತಿದ್ದಾಗ ಒಬ್ಬರು ಥಟ್ಟನೆ ಕೈಬಿಟ್ಟರೆ ಇನ್ನೊಬ್ಬರು ಮುಗ್ಗರಿಸುತ್ತಾರೆ, ಹಾಗೆ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಗೊಂದಲ, ಇಲ್ಲದ್ದು ಕಣ್ಣಿಗೆ ಕಾಣುವುದು ಎಲ್ಲ ಒಟ್ಟಿಗೆ ಬರುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಯಾರಿಗೆ ಆಗುತ್ತದೆ ಅಂತ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ, ಅದೇ ತೊಂದರೆ.

ಹಾಗಾಗಿ ನನ್ನನ್ನು ಸೇರಿಸಿದ್ದ ಆಸ್ಪತ್ರೆ ವಾರ್ಡಿನ ಸಿಸ್ಟರ್‌ಗಳಿಗೆ ನನ್ನ ನಮಸ್ಕಾರ. ರಾತ್ರಿ ಎಬ್ಬಿಸಿ ನಾಡಿ ನೋಡುತ್ತಿದ್ದಿರಿ. ಕೈ ಚಾಚಿಸಿ ನಡುಕ ನೋಡುತ್ತಿದ್ದಿರಿ. ಇವತ್ತು ಯಾವ ವಾರ, ಇದು ಯಾವ ಜಾಗ ಅಂತ ಕೇಳುತ್ತಿದ್ದಿರಿ. ನನಗೆ ಆಗ ಸಿಟ್ಟು ಬರುತ್ತಿತ್ತು. ನನ್ನ ಬುದ್ಧಿ ಸ್ಥಿಮಿತದಲ್ಲಿದೆಯಾ ಅಂತ ನೋಡುತ್ತಿದ್ದಿರಿ ಎಂದು ಆಮೇಲೆ ಗೊತ್ತಾಯಿತು. ನರಕ್ಕೆ ಹಾಕುತ್ತಿದ್ದ ವಿಟಮಿನ್ ಬಿ1 ಕೂಡ ಸುಮ್ನೆ ಶಕ್ತಿಗೆ ಅಂದುಕೊಂಡಿದ್ದೆ. ತುಂಬಾ ಕಾಲ ಕುಡಿದವರಲ್ಲಿ ಅದು ಕಡಿಮೆಯಾದರೆ ಮೆದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿಯೇ ಹೋಗಬಹುದಂತೆ. ನೀವು ಅದನ್ನೆಲ್ಲ ದೊಡ್ಡದು ಮಾಡದೆ, ನನ್ನನ್ನು ಬೇರೆ ರೋಗಿಗಳ ಹಾಗೇ ನೋಡಿಕೊಂಡಿರಿ. ಮುಖ ಸಿಂಡರಿಸಿದವರು ಒಬ್ಬರೂ ಇರಲಿಲ್ಲ. ನನ್ನ ಸಂಕೋಚ ಅರ್ಧ ಹೋಗಿದ್ದೇ ಅಲ್ಲಿ.

ಡಾಕ್ಟರಿಗೆ ಎರಡು ವಿಷಯಕ್ಕೆ ಋಣಿ. ಒಂದು, ಗಂಡಸರಷ್ಟು ನಾನು ಕುಡಿಯಲ್ಲವಲ್ಲ ಎಂಬ ನನ್ನ ಸಮಾಧಾನವನ್ನು ತೆಗೆದುಹಾಕಿದರು. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ. ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಮಟ್ಟ ಹೆಚ್ಚು ಏರುತ್ತದೆ, ಲಿವರ್ ಬೇಗ ಕೆಡುತ್ತದೆ. ಇದನ್ನು ಅವರು ಬೈಯದೆ, ನನ್ನದೇ ರಿಪೋರ್ಟ್ ತೋರಿಸಿ ಹೇಳಿದರು. ಇನ್ನೊಂದು, ಮನೆಗೆ ಕಳಿಸುವಾಗ ಆಡಿದ ಮಾತು. "ಬಿಡಿಸೋದು ನಮ್ಮಿಂದ ಆಗುತ್ತೆ. ಬಿಟ್ಟೇ ಇರೋಕೆ ನಿಮಗೆ ಜನ ಬೇಕು. ಮಾತ್ರೆ ಚೀಟಿ ಬರೆದಿದ್ದೀನಿ, ಗುಂಪಿನ ವಿಳಾಸ ಅದರ ಹಿಂದೆ ಇದೆ."

ಮಾತ್ರೆಯ ಬಗ್ಗೆಯೂ ಹೇಳಬೇಕು, ಇದರಲ್ಲಿ ನನ್ನ ಗಂಡನಿಗೆ ಹೇಳಬೇಕಾದ ಧನ್ಯವಾದ ಒಂದಿದೆ. ನನಗೆ ಕೊಟ್ಟಿದ್ದು ನಾಲ್ಟ್ರೆಕ್ಸೋನ್, ಕುಡಿಯುವ ಆಸೆಯ ಮೊನೆ ಮುರಿಯುವ ಮಾತ್ರೆ. ಅದಕ್ಕೂ ಮೊದಲು ಯಾರೋ ಇವರಿಗೆ "ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಒಂದು ಔಷಧಿ ಬೆರೆಸಿ, ತಾನಾಗಿ ಬಿಡ್ತಾರೆ" ಎಂದು ಹೇಳಿದ್ದರಂತೆ. ಇವರು ಅದನ್ನು ಮಾಡದೆ ನೇರವಾಗಿ ಡಾಕ್ಟರನ್ನು ಕೇಳಿದರು. ಡಾಕ್ಟರು ಗಾಬರಿಯಾದರು. ಡೈಸಲ್ಫಿರಾಂ ಎಂಬ ಔಷಧಿ ಇದೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯುತ್ತದೆ. ತಿಳಿದು, ಒಪ್ಪಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಕಾವಲು. ಗೊತ್ತಿಲ್ಲದೆ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ರೀ, ಅಷ್ಟು ಸಾಕಾಗಿಹೋಗಿದ್ದ ದಿನಗಳಲ್ಲೂ ನೀವು ನನ್ನ ತಟ್ಟೆಗೆ ಮೋಸ ಮಾಡಲಿಲ್ಲ. ಇದಕ್ಕಿಂತ ದೊಡ್ಡ ಗೌರವ ಯಾರೂ ನನಗೆ ಕೊಟ್ಟಿಲ್ಲ.

ಇನ್ನು ಗುಂಪು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರದು. ಆಲ್ಕೊಹಾಲಿಕ್ಸ್ ಅನಾನಿಮಸ್, ನಮ್ಮ ಬಾಯಲ್ಲಿ ಬರೀ ಎ.ಎ. ಮೊದಲ ಮೀಟಿಂಗಿಗೆ ಹೋದಾಗ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಫೀಸು ಕೇಳಲಿಲ್ಲ, ಯಾವ ಫಾರಂ ತುಂಬಿಸಲಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆ ಇದ್ದರೆ ಸಾಕು, ಸೇರಿದ ಹಾಗೆಯೇ. ಆವತ್ತು ಅಲ್ಲಿದ್ದವರೆಲ್ಲ ಗಂಡಸರು, ಒಬ್ಬರನ್ನು ಬಿಟ್ಟು. ಆ ಒಬ್ಬರು ಎದ್ದು ಬಂದು ನನ್ನ ಪಕ್ಕ ಕೂತರು. ಈಗ ಅವರೇ ನನ್ನ ಸ್ಪಾನ್ಸರ್, ಅಂದರೆ ಹೊಸಬರ ಕೈ ಹಿಡಿದು ನಡೆಸುವ ಗುಂಪಿನ ಹಳಬರು. ನಾನು ಆಂಟಿ ಅನ್ನುತ್ತೇನೆ.

ಆಂಟಿ, ನಿಮ್ಮ ಬಗ್ಗೆ ಬರೆಯಲು ಕೂತರೆ ಇದು ಮುಗಿಯುವುದಿಲ್ಲ. ನೀವು ಉಪದೇಶ ಮಾಡಲಿಲ್ಲ. "ನಾನೂ ಬಟ್ಟೆ ಬೀರುವಿನಲ್ಲೇ ಬಚ್ಚಿಡ್ತಿದ್ದೆ" ಎಂದು ನಿಮ್ಮ ಕಥೆ ಹೇಳಿದಿರಿ. ನನ್ನ ಬೀರು ನಿಮಗೆ ಹೇಗೆ ಗೊತ್ತಾಯಿತು ಅಂತ ನಾನು ಬೆಚ್ಚಿಬಿದ್ದೆ. ಆಸೆ ಬಂದಾಗ ಯಾವ ಹೊತ್ತಾದರೂ ಫೋನ್ ಮಾಡು ಅಂದಿರಿ. ಮಾಡಿದಾಗಲೆಲ್ಲ ಎತ್ತಿದಿರಿ. ಪ್ರತಿ ಸಲ ಕೇಳುತ್ತಿದ್ದುದು ಅವೇ ನಾಲ್ಕು ಪ್ರಶ್ನೆ: ಹಸಿವಾಗಿದೆಯಾ, ಯಾರ ಮೇಲಾದರೂ ಸಿಟ್ಟಿದೆಯಾ, ಒಬ್ಬಳೇ ಇದ್ದೀಯಾ, ದಣಿದಿದ್ದೀಯಾ? ಹೆಚ್ಚಿನ ದಿನ ಒಂದಕ್ಕಾದರೂ ಹೌದು ಅನ್ನುತ್ತಿದ್ದೆ. "ಹಾಗಾದರೆ ಮೊದಲು ಊಟ ಮಾಡು, ಕುಡಿಯೋದನ್ನ ಆಮೇಲೆ ನೋಡೋಣ" ಅನ್ನುತ್ತಿದ್ದಿರಿ. ಊಟ ಮುಗಿಯುವ ಹೊತ್ತಿಗೆ ಆಸೆ ಇಳಿದಿರುತ್ತಿತ್ತು. ಆ ಆಸೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಬಹಳ ಸಲ ಅರ್ಧ ಗಂಟೆಯ ಒಳಗೇ. ಇಳಿಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅದು ಇಳಿಯುವ ತನಕ ಕಾದೇ ಇರಲಿಲ್ಲ.

ನಿಮಗೆ ತೊಂದರೆ ಕೊಡುತ್ತಿದ್ದೇನೆ ಅಂತ ಒಂದು ರಾತ್ರಿ ಅತ್ತಾಗ ನೀವು ಎ.ಎ. ಹುಟ್ಟಿದ ಕಥೆ ಹೇಳಿದಿರಿ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತಷ್ಟೇ. ವ್ಯಾಪಾರದ ಕೆಲಸಕ್ಕೆಂದು ಅಮೆರಿಕದ ಏಕ್ರನ್ ಊರಿಗೆ ಹೋದರು, ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬರೇ. ಪಕ್ಕದಲ್ಲೇ ಬಾರು. ಅವರು ಬಾರಿಗೆ ಹೋಗದೆ ಟೆಲಿಫೋನ್ ಹತ್ತಿರ ಹೋದರು. ತನ್ನ ಹಾಗೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬರ ಜೊತೆ ಮಾತಾಡಬೇಕು ಅಂತ ಚರ್ಚುಗಳಿಗೆ ಫೋನ್ ಮಾಡಿದರು. ಹಾಗೆ ಸಿಕ್ಕವರು ಸರ್ಜನ್ ಆಗಿದ್ದ ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಕೂರುತ್ತೇನೆ ಅಂದಿದ್ದ ಬಾಬ್ ಗಂಟೆಗಟ್ಟಲೆ ಕೂತರು. ಅವರು ಕೊನೆಯ ಸಲ ಕುಡಿದದ್ದು ಅದೇ ವರ್ಷ ಜೂನ್ 10ರಂದು ಅಂತ ಲೆಕ್ಕ. ಆ ದಿನವನ್ನೇ ಎ.ಎ. ಹುಟ್ಟಿದ ದಿನ ಅನ್ನುತ್ತಾರೆ.

"ಬಿಲ್ ಫೋನ್ ಮಾಡಿದ್ದು ಬಾಬ್‌ನ ಉದ್ಧಾರ ಮಾಡೋಕಲ್ಲ ಕಣಮ್ಮ, ತಾನು ಕುಡಿಯದೆ ಉಳಿಯೋಕೆ. ನೀನು ಫೋನ್ ಮಾಡಿದ ದಿನ ನಾನೂ ಉಳೀತೀನಿ. ತೊಂದರೆ ಅಂತ ಯಾಕೆ ಅಂದ್ಕೋತೀಯ?" ಅಂದಿರಿ. ಆಮೇಲಿಂದ ನಿಮಗೆ ಫೋನ್ ಮಾಡಲು ಹಿಂಜರಿದಿಲ್ಲ. ಅಷ್ಟು ವರ್ಷ ಕುಡಿಯದೆ ಇದ್ದವರಿಗೂ ನನ್ನಿಂದ ಏನೋ ಸಿಗುತ್ತಿದೆ ಎಂದು ತಿಳಿದಾಗ ನನ್ನ ಬಗ್ಗೆ ನನಗೇ ಸ್ವಲ್ಪ ಮರ್ಯಾದೆ ಬಂತು.

ಮಾರ್ಟಿ ಮ್ಯಾನ್ ಅವರ ವಿಷಯ ಹೇಳಿದ್ದೂ ಆಂಟಿಯೇ. ಎ.ಎ.ಯಲ್ಲಿ ಕುಡಿತ ಬಿಟ್ಟು ಉಳಿದ ಮೊದಲ ಹೆಂಗಸರಲ್ಲಿ ಒಬ್ಬರು, 1939ರಲ್ಲಿ ಬಂದವರು. 1944ರಲ್ಲಿ ಒಂದು ಸಂಸ್ಥೆ ಕಟ್ಟಿ, ಇದು ಕಾಯಿಲೆ, ಕಾಯಿಲೆ ಬಿದ್ದವರಿಗೆ ಸಹಾಯ ಸಿಗಬೇಕು ಎಂದು ಊರೂರು ತಿರುಗಿ ಭಾಷಣ ಮಾಡಿದರು. ಹೆಂಗಸೊಬ್ಬಳು ಆ ಕಾಲದಲ್ಲಿ ಎಲ್ಲರ ಮುಂದೆ ನಿಂತು ನಾನೂ ಆ ಕಾಯಿಲೆಯವಳು ಅಂದರೆ ಸಣ್ಣ ಮಾತಲ್ಲ ಅಲ್ವಾ? ನನಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಹೆಸರಿಲ್ಲದೆ ಬರೆಯುವಷ್ಟು ಬಂದಿದೆ.

ಮತ್ತೆ ನನ್ನ ಗಂಡನ ಮಾತಿಗೆ ಬರುತ್ತೇನೆ. ಇವರು ಅಲ್-ಅನಾನ್ ಮೀಟಿಂಗಿಗೆ ಹೋಗಲು ಶುರು ಮಾಡಿದರು. ಕುಡಿಯುವವರ ಮನೆಯವರಿಗಾಗಿ ಇರುವ ಗುಂಪು ಅದು. ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಇನ್ನೊಬ್ಬರ ಜೊತೆ ಸೇರಿ ಕಟ್ಟಿದ್ದು. ಅಲ್ಲಿ ಇವರಿಗೆ ಹೇಳಿಕೊಟ್ಟದ್ದು ಇಷ್ಟು: ಈ ಕಾಯಿಲೆ ನಿಮ್ಮಿಂದ ಬಂದಿದ್ದಲ್ಲ, ಅದನ್ನು ಹಿಡಿತದಲ್ಲಿಡಲು ನಿಮ್ಮಿಂದ ಆಗುವುದಿಲ್ಲ, ವಾಸಿ ಮಾಡಲೂ ಆಗುವುದಿಲ್ಲ. ಕೇಳಲು ಕಲ್ಲೆದೆಯ ಮಾತು ಅನ್ನಿಸಬಹುದು. ನಮ್ಮ ಮನೆಗೆ ಅದರಿಂದಲೇ ಉಸಿರು ಬಂತು. ನನ್ನ ಬ್ಯಾಗು ತಡಕುವುದನ್ನು ಇವರು ಬಿಟ್ಟರು. ಬಾಯಿ ಮೂಸುವುದನ್ನು ಬಿಟ್ಟರು. ನನ್ನ ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳುವುದನ್ನೂ ಬಿಟ್ಟರು. ಸಂಜೆ ನಾನು ಮೀಟಿಂಗಿಗೆ ಹೊರಟಾಗ "ಮಕ್ಕಳ ಊಟ ನಾನು ನೋಡ್ಕೋತೀನಿ, ಹೋಗಿ ಬಾ" ಅನ್ನುತ್ತಾರೆ. ಕಾವಲುಗಾರ ಹೋಗಿ ಗಂಡ ಸಿಕ್ಕರು.

ಅತ್ತೆಗೂ ಒಂದು ಮಾತು. ನಿಮಗೆ ಎಲ್ಲ ಗೊತ್ತಿತ್ತು ಅಂತ ನನಗೆ ತಡವಾಗಿ ತಿಳಿಯಿತು. ನಿದ್ದೆ ಬಾರದ ಆ ತಿಂಗಳುಗಳಲ್ಲಿ ಅಡುಗೆಮನೆಯಲ್ಲಿ ಕೂತಿರುತ್ತಿದ್ದ ನನ್ನ ಜೊತೆ ಏನೂ ಕೇಳದೆ ಬಂದು ಕೂರುತ್ತಿದ್ದಿರಿ. ಕುಡಿತ ಬಿಟ್ಟ ಮೇಲೂ ನಿದ್ದೆ, ಮನಸ್ಸು ಸರಿಹೋಗಲು ಎಷ್ಟೋ ತಿಂಗಳು ಬೇಕಾಗುತ್ತದೆ. ಬಿಟ್ಟ ಕೂಡಲೇ ಎಲ್ಲ ಚೆನ್ನಾಗಿರುತ್ತದೆ ಅಂತ ನಂಬಿದವರು ಆ ತಿಂಗಳುಗಳಲ್ಲೇ ಸೋತು ಹೋಗುತ್ತಾರೆ. ನೀವು ಕೂತಿರದಿದ್ದರೆ ನಾನೂ ಅವರಲ್ಲಿ ಒಬ್ಬಳಾಗುತ್ತಿದ್ದೆನೇನೋ.

ಗುಂಪಿನ ಇನ್ನೊಬ್ಬರಿಗೂ ನಾನು ತುಂಬಾ ಋಣಿ. ಅವರು ನಡುವೆ ಸ್ಲಿಪ್ ಆದರು. ಬಹಳ ಕಾಲ ಕುಡಿಯದೆ ಇದ್ದವರು ಮತ್ತೆ ಕುಡಿದರು. ಒಂದಷ್ಟು ವಾರ ಕಾಣಲಿಲ್ಲ. ಆಮೇಲೆ ಒಂದು ಸಂಜೆ ಬಂದು ತಮ್ಮ ಎಂದಿನ ಕುರ್ಚಿಯಲ್ಲಿ ಕೂತು ಏನಾಯಿತು ಅಂತ ಮೊದಲಿಂದ ಕೊನೆಯ ತನಕ ಹೇಳಿದರು. ಯಾರೂ ಬುದ್ಧಿ ಹೇಳಲಿಲ್ಲ. ಎಲ್ಲರೂ "ವಾಪಸ್ ಬಂದಿದ್ದು ಒಳ್ಳೇದಾಯ್ತು" ಅಂದರು. ಸರ್, ಆ ಸಂಜೆ ನೀವು ಬರದಿದ್ದರೆ, ಜಾರಿದವರಿಗೆ ಬಾಗಿಲು ಮುಚ್ಚಿದೆ ಅಂತಲೇ ನಾನು ಅಂದುಕೊಂಡಿರುತ್ತಿದ್ದೆ. ಜಾರಿದರೆ ಎಲ್ಲಿಗೆ ಬರಬೇಕು ಅಂತ ಈಗ ಗೊತ್ತಿದೆ. ಅದು ಗೊತ್ತಿರುವುದರಿಂದಲೇ ಜಾರುವ ಭಯ ಕಡಿಮೆಯಾಗಿದೆ.

ಆಫೀಸಿನ ಗೆಳತಿಯರೇ, ನೀವು ಮಾಡಿದ್ದನ್ನು ನಾನು ಗಮನಿಸಿದ್ದೇನೆ. ಪಾರ್ಟಿಗಳಲ್ಲಿ ನನ್ನ ಪಕ್ಕ ಕೂರುವವರ ಲೋಟದಲ್ಲಿ ಯಾವಾಗಲೂ ಜ್ಯೂಸೇ ಇರುತ್ತದೆ. ಯಾರಾದರೂ "ಒಂದೇ ಒಂದು ತಗೊಳ್ಳಿ, ಏನಾಗಲ್ಲ" ಅಂದರೆ ನಿಮ್ಮಲ್ಲೊಬ್ಬರು ಬೇರೆ ಮಾತು ಎತ್ತುತ್ತೀರಿ. ಆ "ಒಂದೇ ಒಂದು" ಅನ್ನುವವರಲ್ಲಿ ನನ್ನದು ಒಂದು ಬೇಡಿಕೆ: ಬೇಡ ಅಂದವರನ್ನು ಎರಡನೇ ಸಲ ಕೇಳಬೇಡಿ. ಯಾಕೆ ಅಂತಲೂ ಕೇಳಬೇಡಿ. ನನ್ನಂಥವರಿಗೆ ಒಂದೇ ಒಂದು ಎಂಬುದು ಇಲ್ಲ.

ನಮ್ಮ ಗುಂಪಿಗೆ ಕಳೆದ ವಾರ ಹೊಸಬರೊಬ್ಬರು ಬಂದಿದ್ದಾರೆ. ಹೆಂಗಸು. ಬಾಗಿಲ ಹತ್ತಿರ ಕೂತಿದ್ದರು. ನಾನು ಎದ್ದು ಹೋಗಿ ಪಕ್ಕ ಕೂತೆ, ನಂಬರ್ ಕೊಟ್ಟೆ. ಅವರು ಫೋನ್ ಮಾಡುತ್ತಿದ್ದಾರೆ. ನಾಲ್ಕು ಪ್ರಶ್ನೆ ಕೇಳುತ್ತಿದ್ದೇನೆ, ಆಂಟಿ.

ಗೆಳತಿಯರೇ, ಮುಂದಿನ ತಿಂಗಳ ಪಾರ್ಟಿಗೆ ಖಂಡಿತ ಬರುತ್ತೇನೆ. ಮನಸ್ಸು ಸರಿಯಿಲ್ಲ ಅನ್ನಿಸಿದರೆ ಬೇಗ ಎದ್ದು ಹೊರಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕರೆಯುವುದನ್ನು ಮಾತ್ರ ನಿಲ್ಲಿಸಬೇಡಿ.