ಇವು ಉಳಿಕೆ ಹಾಡುಗಳಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೇ ಕ್ಯಾಸೆಟ್ ಹಾಡುಗಳ ಸಂಕಲನಗಳ ಬಗ್ಗೆ ಬಂದ ಬರಹ ಓದಿದೆ. ಬಿಡುಗಡೆಯಾಗದೆ ಉಳಿದ ಹಾಡುಗಳನ್ನೆಲ್ಲ ಗುಡ್ಡೆ ಹಾಕಿ ಆಲ್ಬಮ್ ಅಂತ ಮಾರುವುದು ಅಭಿಮಾನಿಗಳ ಜೇಬಿಗೆ ಕೈ ಹಾಕುವ ಕೆಲಸ ಅಂತ ನಿಮ್ಮ ಅಂಕಣಕಾರರು ಒಂದೇ ಏಟಿಗೆ ತಳ್ಳಿಹಾಕಿದ್ದಾರೆ. ದೊಡ್ಡ ತಾರೆಯರ ವಿಷಯದಲ್ಲಿ ಈ ಮಾತು ಎಷ್ಟೋ ಸಲ ನಿಜ. ಮನೆಯಲ್ಲೇ ಕೂತು ಟೇಪ್ ರೆಕಾರ್ಡರಿಗೆ ಹಾಡಿದ ಲೋ-ಫೈ, ಅಂದರೆ ಸ್ಟುಡಿಯೋದ ನಯ ಇಲ್ಲದ, ಹಾಡುಗಾರರಿಗೂ ಇದೇ ಮಾತು ಅಂಟಿಸಿದರೆ ಹೇಗೆ ಸಾರ್?

ಅಮೆರಿಕದ ಜಾನ್ ಡಾರ್ನೀಲ್ ಅವರನ್ನೇ ತೆಗೆದುಕೊಳ್ಳಿ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ದಿ ಮೌಂಟನ್ ಗೋಟ್ಸ್' ಹೆಸರಿನಲ್ಲಿ ಹಾಡಲು ಶುರುಮಾಡಿದವರು. ಹೊಟ್ಟೆಪಾಡಿಗೆ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಕೈಯಲ್ಲೊಂದು ಗಿಟಾರು, ಮುಂದೊಂದು ಪ್ಯಾನಾಸೋನಿಕ್ ಆರ್‌ಎಕ್ಸ್-ಎಫ್‌ಟಿ500, ಅಂದರೆ ನಮ್ಮ ಮನೆಗಳಲ್ಲೂ ಇದ್ದಂಥ ಟೂ-ಇನ್-ಒನ್. ಬಟನ್ ಒತ್ತುವುದು, ಹಾಡುವುದು, ಮುಗೀತು. ಮೈಕೂ ಮೋಟಾರೂ ಒಂದೇ ಡಬ್ಬಿಯೊಳಗೆ ಇದ್ದದ್ದರಿಂದ ಹಾಡಿನುದ್ದಕ್ಕೂ ಗರಗರ ಸದ್ದು.

ಹೀಗೆ ಹಾಡಿದ ಹಾಡುಗಳು ಎಲ್ಲಿಗೆ ಹೋದವು ಅನ್ನುವುದೇ ಇಲ್ಲಿ ಮುಖ್ಯ. ಕೆಲವು ಶ್ರಿಂಪರ್ ಅನ್ನುವ ಪುಟ್ಟ ಕಂಪನಿಯ ಕ್ಯಾಸೆಟ್ಟುಗಳಿಗೆ, ಕೆಲವು ಏಳಿಂಚಿನ ರೆಕಾರ್ಡುಗಳಿಗೆ, ಇನ್ನು ಕೆಲವು ಬೇರೆ ಯಾರೋ ಮಾಡಿದ ಸಂಗ್ರಹಗಳಿಗೆ. ಇದ್ದದ್ದೇ ಕೆಲವು ಪ್ರತಿ, ಅವು ಖಾಲಿಯಾದರೆ ಹಾಡೂ ಇಲ್ಲ. ಚೆಲ್ಲಾಪಿಲ್ಲಿಯಾಗಿದ್ದ ಇವನ್ನೆಲ್ಲ 1999ರಲ್ಲಿ 'ಪ್ರೋಟೀನ್ ಸೋರ್ಸ್ ಆಫ್ ದ ಫ್ಯೂಚರ್... ನೌ!', 'ಬಿಟರ್ ಮೆಲನ್ ಫಾರ್ಮ್', 'ಘಾನಾ' ಅನ್ನುವ ಮೂರು ಸಂಕಲನಗಳಾಗಿ ತಂದರು. 'ಘಾನಾ'ದ ಮೊದಲ ಹಾಡು ಕೇಳಿ ನೋಡಿ. ಅಂಗಡಿ ಸಾಮಾನುಗಳ ಮೇಲೆಯೇ ಹಾಡು ಬೇಕು ಅಂತ ಯಾರೋ ಮಾಡಿದ ಸಂಗ್ರಹಕ್ಕೆ ಬರೆದದ್ದು, ವಿಷಯ 'ಗೋಲ್ಡನ್ ಬಾಯ್' ಅನ್ನುವ ಕಡಲೆಕಾಯಿ ಪ್ಯಾಕೆಟ್! ನೆಟ್ಟಗೆ ಬದುಕ್ರಪ್ಪಾ, ನರಕಕ್ಕೆ ಹೋದರೆ ಅಲ್ಲಿ ಈ ಕಡಲೆಕಾಯಿ ಮಾರುವ ಅಂಗಡಿ ಇರಲ್ಲ ಅಂತ ಗಂಟಲು ಹರಿಯುವಂತೆ ಹಾಡುತ್ತಾರೆ. ಮೊದಲು ನಗು ಬರುತ್ತದೆ, ಆಮೇಲೆ ಈ ಮನುಷ್ಯ ತಮಾಷೆ ಮಾಡ್ತಿದ್ದಾನಾ, ನಿಜವಾಗಿ ಭಯಪಟ್ಟಿದ್ದಾನಾ ಅಂತ ಅನುಮಾನ. ಅಭಿಮಾನಿಗಳು ಪ್ರಾಣ ಬಿಡುವ ಹಾಡು ಇದು. ಸಂಕಲನ ಬರದಿದ್ದರೆ ನನ್ನಂಥವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇದನ್ನು ಉಳಿಕೆ ಅನ್ನೋಕಾಗುತ್ತಾ?

2002ರ ಅವರ ಆಲ್ಬಮ್ 'ಆಲ್ ಹೇಲ್ ವೆಸ್ಟ್ ಟೆಕ್ಸಸ್' ಕೂಡ ಅದೇ ಪ್ಯಾನಾಸೋನಿಕ್‌ನಲ್ಲಿ ಹಾಡಿದ್ದು. 2013ರಲ್ಲಿ ಮರ್ಜ್ ಅನ್ನುವ ರೆಕಾರ್ಡ್ ಕಂಪನಿ ಅದನ್ನು ಮತ್ತೆ ತಂದಾಗ ಹಳೇ ಟೇಪುಗಳಲ್ಲಿದ್ದ ಇನ್ನೂ 7 ಹಾಡು ಸೇರಿಸಿತು. ಮೋಟಾರಿನ ಸದ್ದನ್ನು ಅಳಿಸಲಿಲ್ಲ, ಸದ್ಯ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಅಂಕಣಕಾರರ ಸಿಟ್ಟು ನನಗೂ ಇದೆ. ಸಂಕಲನದ ಸಿಡಿಗಳ ಜೊತೆ ಡಾರ್ನೀಲ್ ಅವರೇ ಬರೆದ ಟಿಪ್ಪಣಿ ಇರುತ್ತಿತ್ತು. ಈಗ ಫೋನಿನಲ್ಲಿ ಕೇಳುವವರಿಗೆ ಸಿಗುವುದು ಹಾಡಿನ ಹೆಸರು, ಒಂದು ಚಿತ್ರ, ಅಷ್ಟೇ. ಯಾವ ಹಾಡು ಯಾವ ಕ್ಯಾಸೆಟ್ಟಿನದು, ಯಾಕೆ ಬರೆದದ್ದು ಅಂತ ಹೇಳದೆ ಕೊಟ್ಟರೆ ಎಲ್ಲವೂ ಒಂದೇ ಥರ ಕೇಳಿ ಬೇಜಾರಾಗುವುದು ಸಹಜ. ಮುಂದಿನ ಸಲ ಇಂಥ ಆಲ್ಬಮ್ ಬಗ್ಗೆ ಬರೆಸುವಾಗ ಎಷ್ಟು ಸ್ಟಾರ್ ಅನ್ನುವುದನ್ನು ಬಿಟ್ಟು, ಆ ಜಾಗದಲ್ಲಿ ನಾಲ್ಕು ಹಾಡು ಎಲ್ಲಿಂದ ಬಂದವು ಅಂತ ಬರೆಸಿ.

ನಿಮ್ಮ ಓದುಗ,
ಮೈಸೂರು